ಅಣ್ಣನ ಪಾಲಿನ ಹಸಿ ತೊಗರಿ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ದಿನಾಲೂ ಒಂದು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದರು. ಅದು ಅಣ್ಣನ ಪಾಲು. ಎಲ್ಲರ ಊಟ ಮುಗಿದ ಮೇಲೆ ಅವ್ವ ಆ ರೊಟ್ಟಿಯ ಮೇಲೆ ಒಂದಿಷ್ಟು ಖಾರದ ಶೇಂಗಾ ಹಿಂಡಿ ಉದುರಿಸಿ, ಬಿಳಿ ಅರಿವೆಯಲ್ಲಿ ಸುತ್ತಿ, ಒಲೆಯ ಪಕ್ಕದ ಗೋಡೆಯ ಗೂಡಿನಲ್ಲಿ ಇಡುತ್ತಿದ್ದಳು. ಅಣ್ಣ ಮನೆಯಲ್ಲಿ ಇರಲಿಲ್ಲ. ಯಾವ ಹೊತ್ತಿನಲ್ಲಿ ಬಂದಾನೋ, ಎಷ್ಟು ಹಸಿದು ಬಂದಾನೋ ಎಂದು ಎತ್ತಿಡುವ ರೊಟ್ಟಿ ಅದು. ಬೆಳಗಾಗುವಷ್ಟರಲ್ಲಿ ಕಟಕಟ ಎನ್ನುವಷ್ಟು ಗಟ್ಟಿಯಾಗಿರುತ್ತಿತ್ತು. ನಾನೂ ಅಕ್ಕನೂ ಅದನ್ನು ಮುರಿದು ಮೊಸರಿನಲ್ಲಿ ನೆನೆಸಿ ತಿನ್ನುತ್ತಿದ್ದೆವು. ಅವನ ಪಾಲು ತಿಂದು ತಿಂದು ನಾವಿಬ್ಬರೂ ಊದಿಕೊಳ್ಳುತ್ತೇವೆ, ಅವನು ಬಂದಾಗ ನಮ್ಮ ಗುರುತೇ ಹಿಡಿಯುವುದಿಲ್ಲ ಎಂದು ಅಕ್ಕ ನಗಿಸುತ್ತಿದ್ದಳು.

ಮಾಳಿಗೆಯ ಮೇಲೆ ಪುದೀನ ಹಚ್ಚಿರುವ ಆ ದಪ್ಪ ಕುಂಡದ ಕತೆ ಹೇಳು ಎಂದು ನೀವು ಮೊಮ್ಮಕ್ಕಳು ನನ್ನನ್ನು ಕಾಡುತ್ತಿದ್ದೀರಿ. ಅದರ ಅಂಚು ಒಂದು ಕಡೆ ಯಾಕೆ ಮೇಣದ ಹಾಗೆ ಕೆಳಗಿಳಿದಿದೆ, ಸುತ್ತಲೂ ಕಿವಿಗಳಂಥ ತುಂಡುಗಳು ಯಾಕಿವೆ, ನೀರು ಹಾಕಿದರೆ ಯಾವಾಗಲೂ ಒಂದೇ ಕಡೆಯಿಂದ ಯಾಕೆ ಚೆಲ್ಲುತ್ತದೆ ಎಂದೆಲ್ಲ. ಆ ಕುಂಡದ ಕತೆಯೂ ಈ ರೊಟ್ಟಿಯ ಕತೆಯೂ ಒಂದೇ. ಹೇಳುತ್ತೇನೆ, ಕೇಳಿ.

ಆಗ ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿತ್ತು. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್. ನಮ್ಮ ಹೊಲ ಮಾತ್ರ ಕಮಲಾಪುರದಲ್ಲಿತ್ತು. ಅಲ್ಲಿ ಅಪ್ಪನ ಅಪ್ಪ, ಅಂದರೆ ನನ್ನ ಮುತ್ಯಾ, ಒಕ್ಕಲುತನ ನೋಡಿಕೊಂಡಿದ್ದ. ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳು ಅವು. ಊರೂರಿನಲ್ಲಿ ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಭಯ. ಹೊತ್ತು ಮುಳುಗುವ ಮೊದಲೇ ಓಣಿಯ ಬಾಗಿಲುಗಳು ಮುಚ್ಚುತ್ತಿದ್ದವು. ನಾಯಿ ಬೊಗಳಿದರೆ ದೊಡ್ಡವರು ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು. ಆಗತಾನೆ ಮೀಸೆ ಚಿಗುರುತ್ತಿದ್ದ ನಮ್ಮಣ್ಣ ಒಂದು ದಿನ, ಕಮಲಾಪುರದ ತನ್ನ ಗೆಳೆಯನ ಜೊತೆ, ಗಡಿ ದಾಟಿ ಸೋಲಾಪುರದ ಕಡೆಗೆ ಹೋದ. ಸಂಸ್ಥಾನದ ವಿರುದ್ಧ ಹೋರಾಡುವ ಹುಡುಗರು ಅಲ್ಲಿ ಕ್ಯಾಂಪು ಹಾಕಿದ್ದರು. ಅವ್ವನಿಗೆ ಹೇಳಿದರೆ ಬಿಡುವುದಿಲ್ಲ ಎಂದು ಹೇಳದೆಯೇ ಹೋದ.

ಆಮೇಲೆ ಒಂದು ಮಳೆಗಾಲದ ಕೊನೆಗೆ ಭಾರತದ ಸೈನ್ಯ ಬಂತು. ದೊಡ್ಡವರು ಅದಕ್ಕೆ ಪೊಲೀಸ್ ಆಕ್ಷನ್ ಎಂದರು. ಕ್ಯಾಂಪುಗಳಲ್ಲಿದ್ದವರು ಗಡ್ಡ ಬಿಟ್ಟುಕೊಂಡು, ಬಿಸಿಲಿಗೆ ಕರ್ರಗಾಗಿ, ಒಬ್ಬೊಬ್ಬರಾಗಿ ಮನೆಗೆ ಬಂದರು. ಅಣ್ಣ ಬರಲಿಲ್ಲ. ಅವನ ಗೆಳೆಯನೂ ಬಂದಿರಲಿಲ್ಲ. ಸೋಲಾಪುರದಲ್ಲೇ ಮಿಲ್ಲು ಸೇರಿರಬೇಕು ಎಂದು ಒಬ್ಬರು ಅಂದರು, ಮುಂಬೈ ನೋಡಲು ಹೋಗಿರಬೇಕು ಎಂದು ಇನ್ನೊಬ್ಬರು ಅಂದರು. ಅವ್ವ ಎರಡನ್ನೂ ನಂಬಿದಳು. ಇಬ್ಬರು ಕೂಡಿ ಹೋದವರು, ಎಲ್ಲಿದ್ದರೂ ಕೂಡಿಯೇ ಇರುತ್ತಾರೆ ಎಂಬುದು ಅವಳ ಧೈರ್ಯ.

ಅಣ್ಣನಿಗೆ ಹಸಿ ತೊಗರಿ ಅಂದರೆ ಜೀವ. ನಮ್ಮ ಕಡೆ ತೊಗರಿ ಬೇಳೆ ವರ್ಷವೆಲ್ಲ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಹಸಿ ಕಾಯಿ ಹಾಗಲ್ಲ. ಚಳಿಗಾಲದ ಎಳ್ಳಮಾವಾಸ್ಯೆಯ ಆಚೆ ಈಚೆ ಕೆಲವು ದಿನ ಮಾತ್ರ. ಹಸಿರು ಸಿಪ್ಪೆಯ ಮೇಲೆ ನೇರಳೆ ಬಣ್ಣದ ಗೀರು ಎಳೆದಂತಿರುವ ಆ ಕಾಯಿಗಳನ್ನು ಉಪ್ಪು ನೀರಿನಲ್ಲಿ ಕುದಿಸಿದರೆ ಮನೆಯೆಲ್ಲ ಹೊಲದ ವಾಸನೆ. ಅಣ್ಣ ಕಾಯಿಯನ್ನು ಹಲ್ಲಿನ ನಡುವೆ ಹಿಡಿದು ಸರ್ರನೆ ಎಳೆದರೆ ಕಾಳೆಲ್ಲ ಬಾಯಿಗೆ, ಸಿಪ್ಪೆ ಕೈಗೆ. ಅಮಾವಾಸ್ಯೆಗೆ ಅವ್ವ ಸೊಪ್ಪು ಕಾಳು ಕೂಡಿಸಿ ಮಾಡುವ ಭಜ್ಜಿ ಪಲ್ಯದಲ್ಲಿ ಅವನು ತೊಗರಿ ಕಾಳನ್ನೇ ಹುಡುಕಿ ಹುಡುಕಿ ತಿನ್ನುತ್ತಿದ್ದ; ಉಳಿದ ಸೊಪ್ಪೆಲ್ಲ ಉಪಾಯವಾಗಿ ನನ್ನ ತಟ್ಟೆಗೆ ಬರುತ್ತಿತ್ತು. ಹೋದ ವರ್ಷದ ಕಾಯಿ ಅವನಿಲ್ಲದೆ ಮುಗಿದಿತ್ತು. ಈ ವರ್ಷದ್ದು ಹೊಲದಲ್ಲಿ ತುಂಬುತ್ತಾ ಬಂದಿತ್ತು.

“ಬ್ಯಾಳಿ ಇಡಬೌದು, ಉಪ್ಪಿನಕಾಯಿ ಇಡಬೌದು,” ಎಂದು ಅವ್ವ ಗೆಳತಿಯ ಮುಂದೆ ಹೇಳಿಕೊಂಡಳು. “ಹಸಿ ತೊಗರಿ ಎಲ್ಲಿ ಇಡಲಿ? ಅವ ಬ್ಯಾಸಗ್ಯಾಗ ಬಂದು ಕೇಳಿದರ ಏನ್ ಕೊಡಲಿ?”

ಆ ಗೆಳತಿ ಅಂದರೆ ಗಾಜಿಪುರದ ಖಾಲಾ. ಖಾಲಾ ಅಂದರೆ ಚಿಕ್ಕಮ್ಮ; ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ರಜಾಕಾರರ ದಿನಗಳಲ್ಲಿ ಖಾಲಾ ನಮ್ಮನ್ನು ತನ್ನ ಮನೆಯ ಕೋಣೆಯಲ್ಲಿ ಕೂಡಿಸಿ ಹೊರಗೆ ಕಾವಲು ಕೂತಿದ್ದಳು. ಪೊಲೀಸ್ ಆಕ್ಷನ್ ಆದ ಮೇಲೆ ಹೆದರಿಕೆ ಮುಸಲ್ಮಾನರ ಕಡೆಗೆ ತಿರುಗಿದಾಗ ಅವ್ವ ಅವಳನ್ನು ನಮ್ಮ ಮನೆಯಲ್ಲಿ ಇಟ್ಟುಕೊಂಡಳು. ಐವಾನ್-ಎ-ಶಾಹಿ ಕಡೆಯ ಒಂದು ಬಂಗಲೆಯಲ್ಲಿ ಖಾಲಾ ಬಹಳ ದಿನ ಅಡುಗೆಗೆ ಇದ್ದವಳು. ಅಲ್ಲಿದ್ದ ಮೇಮ್‌ಸಾಹೇಬರು ಊರು ಬಿಟ್ಟು ಹೋಗುವಾಗ ಹೊರಲಾರದ ಒಂದು ಪಾತ್ರೆಯನ್ನು ಇವಳಿಗೆ ಕೊಟ್ಟು ಹೋಗಿದ್ದರು.

“ಅರೇ ಬೆಹನ್, ನಮ್ಮ ಮೇಮ್‌ಸಾಬ್ ಥಂಡಿದಾಗ ಬಟಾಣಿ ಸೀಸೆದಾಗ ತುಂಬಿ ಅದರಾಗ ಕುದಸ್ತಿದ್ಳು,” ಎಂದಳು ಖಾಲಾ. “ಬ್ಯಾಸಗ್ಯಾಗ ಸೀಸೆ ತೆಗದ್ರ ಹಸರ ಹಸರ. ಈಗ ಕಿತ್ತಾರ ಅನ್ನಬೇಕು. ಆ ಭಾಂಡೆ ನನ್ನ ಮನ್ಯಾಗೇ ಅದ. ಇದ್ದಲಿ ತುಂಬೀನಿ.”

ಮರುದಿನ ಇಬ್ಬರೂ ಕೂಡಿ ಅದನ್ನು ಹೊತ್ತು ತಂದರು. ನಾವು ಅಂಥದ್ದು ನೋಡಿರಲಿಲ್ಲ. ಮೈ ದಪ್ಪ ಜರ್ಮನ್. ಆಗ ಅಲ್ಯುಮಿನಿಯಂ ಪಾತ್ರೆಗೆ ನಾವು ಜರ್ಮನ್ ಎನ್ನುತ್ತಿದ್ದೆವು. ಅಂಚಿನ ಸುತ್ತ ಕಿವಿಗಳು, ಕಿವಿಗಳಿಗೆ ಬಿಗಿಯುವ ತಿರುಪುಗಳು. ಮುಚ್ಚಳದ ಮೇಲೆ ಗಡಿಯಾರದಂಥ ಒಂದು ಬಿಲ್ಲೆ, ಅದಕ್ಕೆ ಒಂದೇ ಮುಳ್ಳು. ಪಕ್ಕದಲ್ಲಿ ಉಗಿ ಬಿಡುವ ಒಂದು ಸಣ್ಣ ನಳ. ಜೊತೆಗೆ ತಂತಿಯ ಕೊಂಡಿಯಿದ್ದ ಗಾಜಿನ ಎರಡು ಸೀಸೆ. ತಿರುಪುಗಳಿಗೆ ತುಕ್ಕು ಹಿಡಿದಿತ್ತು, ಒಂದು ಕಳೆದೇ ಹೋಗಿತ್ತು. ನಳದೊಳಗೆ ಕಣಜ ಮಣ್ಣು ಕಟ್ಟಿತ್ತು. ಮುಚ್ಚಳದ ರಬ್ಬರು ಮುಟ್ಟಿದರೆ ಬೆಲ್ಲದ ಪುಡಿಯ ಹಾಗೆ ಉದುರುತ್ತಿತ್ತು.

ಅಪ್ಪ ಅದರ ಸುತ್ತ ಒಂದು ಸುತ್ತು ಹಾಕಿ, “ಇದನ್ನ ಹೊರಗ ಒಗಿ,” ಎಂದ. “ಮಿಲ್ಲಿನಾಗ ಹಗಲೆಲ್ಲಾ ಬಾಯ್ಲರ್, ಮನಿಗೆ ಬಂದ್ರ ಇಲ್ಲೊಂದು ಬಾಯ್ಲರ್.”

“ಹೊಟ್ಟಿ ನೋಡು, ನಮ್ಮ ಸಾಲಿ ಹೆಡ್‌ಮಾಸ್ತರನಂಗ ಅದ,” ಎಂದಳು ಅಕ್ಕ. ಅಂದಿನಿಂದ ಅದಕ್ಕೆ ಹೆಡ್‌ಮಾಸ್ತರ ಎಂದೇ ಹೆಸರಾಯಿತು.

ಬೈಯುತ್ತಲೇ ಅಪ್ಪ ಕೆಲಸ ಹಿಡಿದ. ರಜೆಯ ದಿನವೆಲ್ಲ ಅಂಗಳದಲ್ಲಿ ಅದೇ. ತಿರುಪುಗಳನ್ನು ಗ್ಯಾಸ್‌ನೂನೆಯಲ್ಲಿ, ಅಂದರೆ ನೀವು ಸೀಮೆಎಣ್ಣೆ ಎನ್ನುತ್ತೀರಲ್ಲ ಅದರಲ್ಲಿ, ನೆನೆಹಾಕಿ ಉಜ್ಜಿದ. ಕಳೆದುಹೋದದ್ದಕ್ಕೆ ಬದಲಾಗಿ ಮಿಲ್ಲಿನಲ್ಲಿ ಒಂದು ಕಡೆಸಿ ತಂದ. ಲಾರಿಯ ಹಳೆಯ ಟ್ಯೂಬು ಕತ್ತರಿಸಿ ಮುಚ್ಚಳಕ್ಕೆ ಹೊಸ ರಬ್ಬರು ಮಾಡಿದ. ನಳದೊಳಗಿನ ಮಣ್ಣನ್ನು ಸೂಜಿಯಿಂದ ಕೆದರಿ ಕೆದರಿ ತೆಗೆದ. ಮುಳ್ಳಿನ ಬಿಲ್ಲೆಯನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ. ಅಷ್ಟೂ ಹೊತ್ತು ಬಾಯಲ್ಲಿ ಗೊಣಗಾಟ. “ಬರಾವ ಬಂದು ರೊಟ್ಟಿ ಕೇಳ್ತಾನೋ, ಬಾಯ್ಲರ್ ಕೇಳ್ತಾನೋ” ಎನ್ನುತ್ತಿದ್ದ. ಅವ್ವ ಚಹಾ ತಂದಿಡುತ್ತಿದ್ದಳು.

ಒಂದು ಸಂಜೆ ಬರೀ ನೀರು ಹಾಕಿ ಒಲೆಯ ಮೇಲೆ ಏರಿಸಿದರು. ಮೊದಲು ನಳದಿಂದ ಬುಸ್ಸೆಂದು ಉಗಿ ಬಂತು. ಅಕ್ಕ ಓಡಿ ಅಂಗಳ ಸೇರಿದಳು. ಅಪ್ಪ ನಳ ತಿರುಗಿಸಿ ಮುಚ್ಚಿದ. ಎಷ್ಟೋ ದಿನದಿಂದ ಸತ್ತು ಬಿದ್ದಿದ್ದ ಮುಳ್ಳು ಮೆಲ್ಲಗೆ ಅಲುಗಾಡಿ, ಎದ್ದು, ಕೆಂಪು ಗೀಟಿನ ಮೇಲೆ ಹೋಗಿ ನಿಂತಿತು. ಖಾಲಾ ತನ್ನ ಎರಡೂ ಕೈಗಳಿಂದ ಅವ್ವನ ಮುಖ ಸವರಿ ಲಟಿಗೆ ಮುರಿದಳು.

“ಒಂದು ಮಾತು ನೆನಪಿಡ್ರಿ,” ಎಂದಳು ಖಾಲಾ. “ಮುಳ್ಳು ಆ ಗೀಟಿನ ಮ್ಯಾಲೇ ನಿಂದ್ರಬೇಕು. ಮ್ಯಾಲ ಏರಲಿಲ್ಲ ಅಂದ್ರ, ನಡುವ ಇಳೀತು ಅಂದ್ರ, ದಿನಾ ಹೋದಂಗ ಸೀಸೆದಾಗಿಂದು ಜಹರ್ ಆಗ್ತದ. ಯಾರೂ ಬಾಯಾಗ ಹಾಕಬಾರ್ದು. ಮೇಮ್‌ಸಾಬ್ ಅಂಥವು ನೆಲದಾಗ ಹುಗೀತಿದ್ಳು.”

ಆ ದಿನ ಅವ್ವನ ಮುಖ ಹೇಗಿತ್ತು ಎಂಬುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಳಿದದ್ದು ಒಂದೇ ಕೆಲಸ, ಹೊಲದಿಂದ ಎಳೆಯ ಕಾಯಿ ತರುವುದು.

ನಾನು ಹೇಳಬೇಕೆಂದಿರುವ ದಿನ ಅದರ ಮರುದಿನ. ಅಮಾವಾಸ್ಯೆ ಹತ್ತಿರ ಬಂದಿತ್ತು. ಅಪ್ಪ ನನ್ನನ್ನು ಕರೆದುಕೊಂಡು ನಸುಕಿನ ಬಸ್ಸಿಗೆ ಕಮಲಾಪುರಕ್ಕೆ ಹೊರಟ. ಕಿಟಕಿಗೆ ಗಾಜಿರಲಿಲ್ಲ. ಥಂಡಿ ಗಾಳಿಗೆ ಕಿವಿ ಮರಗಟ್ಟಿ, ನಾನು ಅಪ್ಪನ ಕಂಬಳಿಯೊಳಗೆ ತಲೆ ಹಾಕಿಕೊಂಡು ಕೂತೆ. ಕಂಬಳಿಗೆ ಮಿಲ್ಲಿನ ಎಣ್ಣೆಯ, ಬೀಡಿಯ ವಾಸನೆ. ಹೊರಗೆ ಇಬ್ಬನಿಯಲ್ಲಿ ನೆಂದ ಜೋಳದ ಹೊಲಗಳು ಹಿಂದೆ ಹಿಂದೆ ಓಡುತ್ತಿದ್ದವು.

ಮುತ್ಯಾ ಹೊಲದಲ್ಲೇ ಸಿಕ್ಕ. ತೊಗರಿ ಗಿಡಗಳು ನನಗಿಂತ ಎತ್ತರ. ಒಳಗೆ ನುಗ್ಗಿದರೆ ಎಲೆಗಳ ಇಬ್ಬನಿ ಅಂಗಿಯನ್ನೆಲ್ಲ ತೋಯಿಸುತ್ತಿತ್ತು, ಕಾಯಿಯ ಅಂಟು ಬೆರಳಿಗೆ ಹತ್ತುತ್ತಿತ್ತು. ಬಾವಿಯ ಪಕ್ಕದಲ್ಲಿ ನಮ್ಮ ಕೆಂಪು ಬಾಳೆಯ ಗಿಡಗಳಿದ್ದವು. ಮುತ್ಯಾ ಒಂದು ಹಣ್ಣು ಮುರಿದು ನನ್ನ ಕೈಗಿಟ್ಟ. ನಾನು ತಿನ್ನುತ್ತಾ ಬದುವಿನ ಮೇಲೆ ಕೂತೆ. ಅವರಿಬ್ಬರೂ ನನ್ನ ಹತ್ತಿರದಲ್ಲೇ ಕಾಯಿ ಹರಿದು ಚೀಲಕ್ಕೆ ಹಾಕುತ್ತಿದ್ದರು.

“ತಮ್ಮಾ,” ಎಂದ ಮುತ್ಯಾ. ಮಗನನ್ನು ಅವನು ಹಾಗೇ ಕರೆಯುತ್ತಿದ್ದ. “ಆ ಹುಡುಗ ಬಂದಾನ.”

ಅಪ್ಪನ ಕೈ ಗಿಡದ ಮೇಲೆಯೇ ನಿಂತಿತು.

“ನಮ್ಮ ಹುಡುಗ ಅಲ್ಲ. ಅವನ ಜೋಡಿ ಹೋಗಿದ್ನಲ್ಲ, ಅವ. ಕಾಲಿಗಿ ಪೆಟ್ಟಾಗಿ ಇಷ್ಟ್ ದಿನಾ ಸೋಲಾಪುರದ ದವಾಖಾನ್ಯಾಗ ಬಿದ್ದಿದ್ನಂತ. ಮೊನ್ನಿ ಬಂದ.”

“ನಮ್ಮ ಹುಡುಗ ಎಲ್ಲಿ ಅದಾನಂತ?”

ಮುತ್ಯಾ ಚೀಲದ ಬಾಯಿಯನ್ನು ಸರಿಮಾಡಿದ. ಸರಿಯಾಗಿಯೇ ಇದ್ದ ಬಾಯಿ. “ಮಳಿಗಾಲ ಸುರು ಆದಾಗೇ ಕ್ಯಾಂಪ್ ಬಿಟ್ಟಾನ. ಅವ್ವನ ಮಾರಿ ನೋಡಿ ಬರ್ತೀನಂತ ಹೇಳಿ ಒಬ್ಬನೇ ಹೊಂಟಾನ. ಆಗಿನ್ನಾ ಮಿಲಿಟ್ರಿ ಬಂದಿದ್ದಿಲ್ಲ. ಹಾದಿ ತುಂಬ ರಜಾಕಾರರೇ ಇದ್ರು.”

ಅಪ್ಪ ಕೈಯಲ್ಲಿದ್ದ ಕಾಯಿಯನ್ನು ಚೀಲಕ್ಕೆ ಬಿಟ್ಟ.

“ಹೊಳ್ಳಿ ಕ್ಯಾಂಪಿಗಿ ಹೋಗಿಲ್ಲ. ಮನಿಗಿ ಬಂದಿಲ್ಲ. ಎಷ್ಟ್ ತಿಂಗಳಾತು, ನೀನೇ ನೋಡು,” ಎಂದು ಮುತ್ಯಾ ಧೋತರದ ಚುಂಗಿನಿಂದ ಮೂಗು ಒರೆಸಿಕೊಂಡ.

ಎಲ್ಲೋ ಕಾಡುಪಾರಿವಾಳವೊಂದು ಗೂಗೂ ಎನ್ನುತ್ತಿತ್ತು. ಆಮೇಲೆ ಅಪ್ಪ ಮತ್ತೆ ಕೈ ಚಾಚಿ ಕಾಯಿ ಹರಿಯತೊಡಗಿದ. “ಇವು ಬಲತಾವ,” ಎಂದ. “ಇನ್ನೊಂದೀಟು ಎಳೇವು ಎಲ್ಲಿ ಅದಾವ, ತೋರಸು.”

“ಇನ್ನ ಯಾತಕ್ಕೋ ತಮ್ಮಾ.”

“ಆಕಿ ಹಾದಿ ನೋಡಾಕತ್ತಾಳ.”

ಉಳಿದ ಬಾಳೆಹಣ್ಣನ್ನು ನಾನು ಬದುವಿನ ಮೇಲೆ ಇಟ್ಟೆ. ನಾನು ಸಣ್ಣವನಾದರೂ ಅಷ್ಟು ಸಣ್ಣವನಲ್ಲ. ಕ್ಯಾಂಪಿನಲ್ಲೂ ಇಲ್ಲ, ಮನೆಗೂ ಬಂದಿಲ್ಲ ಅಂದರೆ ಏನರ್ಥ ಎಂದು ನನಗೆ ತಿಳಿದಿತ್ತು.

ವಾಪಸು ಬರುವಾಗ ಚೀಲವನ್ನು ಬಸ್ಸಿನ ಮೇಲೆ ಹಾಕಲು ಕಂಡಕ್ಟರು ಕೇಳಿದ. ಅಪ್ಪ ಕೊಡಲಿಲ್ಲ. ಮಗುವನ್ನು ಕೂಡಿಸಿಕೊಂಡ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕಲಬುರಗಿಯ ತನಕ ಕೂತ. ಒಮ್ಮೆ ಮಾತ್ರ ನನ್ನ ಕಡೆ ನೋಡಿ, “ಅವ್ವನ ಮುಂದ ಹೇಳಬ್ಯಾಡ,” ಎಂದ. “ನಾನೇ ಹೇಳ್ತೀನಿ. ಇವತ್ತೊಂದಿನ ಹೋಗಲಿ. ಸೀಸೆ ತುಂಬಲಿ ಆಕಿ.”

ನಮ್ಮ ಓಣಿಯ ತಿರುವಿನಲ್ಲೇ ಮೂಗಿಗೆ ಘಾಟು ಹೊಡೆಯಿತು. ಅದು ಕಲಾಯಿಗೆ ಉದುರಿಸುವ ನವಸಾಗರದ ಹೊಗೆ. ತಾಮ್ರ ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರದ ಬಿಳಿ ಲೇಪ ಹಚ್ಚುವುದಕ್ಕೆ ಕಲಾಯಿ ಎನ್ನುತ್ತಾರೆ. ಕಲಾಯಿ ಹೋದ ಪಾತ್ರೆಯಲ್ಲಿ ಉಪ್ಪು ಹುಳಿ ಬಿದ್ದರೆ ಕಿಲುಬು ಏಳುತ್ತದೆ, ತಿಂದವರ ಹೊಟ್ಟೆ ಕೆಡುತ್ತದೆ. ಹಾಗಾಗಿ ಆಗಿನ ಯಾವ ತಾಯಿಯೂ ಕಲಾಯಿ ಇಲ್ಲದ ಪಾತ್ರೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿರಲಿಲ್ಲ. ಅಪ್ಪ ಒಮ್ಮೆಲೇ ಬಿರುಸಾಗಿ ನಡೆಯತೊಡಗಿದ. ನಾನು ಹಿಂದೆ ಓಡಿದೆ.

ಅಂಗಳದಲ್ಲಿ ಕಲಾಯಿ ಚಾಚಾ ನೆಲ ಅಗೆದು ಭಟ್ಟಿ ಹೂಡಿದ್ದ. ಅಕ್ಕ ತಿದಿ ಒತ್ತುತ್ತಿದ್ದಳು. ಕೆಂಡದ ಮೇಲೆ ಹೆಡ್‌ಮಾಸ್ತರ ಕೂತಿದ್ದ.

ಆದದ್ದು ಇಷ್ಟು. ನಾವು ಹೋದ ಮೇಲೆ ಅವ್ವ ಪಾತ್ರೆಯ ಒಳಗನ್ನು ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದ್ದಾಳೆ. ತಿಕ್ಕಿದಷ್ಟೂ ಅದು ಕರ್ರಗಾಗಿದೆ. ಅವಳಿಗೆ ಹೆದರಿಕೆಯಾಗಿದೆ. ಅದೇ ಹೊತ್ತಿಗೆ ಓಣಿಯಲ್ಲಿ ಚಾಚಾನ ಕೂಗು ಕೇಳಿದೆ. ನಮ್ಮ ಓಣಿಯ ಎಲ್ಲ ಮನೆಗಳ ಪಾತ್ರೆ ಬೆಳಗಿದವನು ಅವನು. ಜರ್ಮನ್ ಪಾತ್ರೆಗೆ ಮಾತ್ರ ಕಲಾಯಿ ಹಾಕಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಅವ್ವ ಕೇಳಿದಳು, ಅವನು ಹೂಂ ಎಂದ.

“ತವರ ನಿಂದ್ರವಲ್ದು ಸಾಹೇಬ್ರ,” ಎಂದ ಚಾಚಾ ಅಪ್ಪನನ್ನು ನೋಡಿ. ನಿಜ, ಒಳಗೆ ತವರ ಎಲ್ಲೂ ಅಂಟದೆ ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗುಂಡಗೆ ಉರುಳಾಡುತ್ತಿತ್ತು. “ಕಾವು ಕಮ್ಮಿ ಆಗ್ಯಾದ. ಇನ್ನಾ ಕೆಂಪಾಗಿಲ್ಲ. ಬೇಟಿ, ಜೋರ್ ಊದು.”

“ಬ್ಯಾಡ, ತೆಗೀ, ತೆಗೀ,” ಎಂದು ಅಪ್ಪ ಚೀಲವನ್ನು ನೆಲಕ್ಕೆ ಹಾಕಿದ.

ತಾಮ್ರ ಆಗಿದ್ದರೆ ಕೆಂಪಾಗಿ ಎಚ್ಚರಿಕೆ ಕೊಡುತ್ತಿತ್ತು. ಜರ್ಮನ್ ಹಾಗಲ್ಲ ಮಕ್ಕಳೇ. ಅದು ಬಣ್ಣ ತಿರುಗುವುದಿಲ್ಲ, ಮೊದಲು ಹೇಗಿತ್ತೋ ಹಾಗೇ ಬೂದು ಬಣ್ಣದಲ್ಲಿ ಕೂತಿರುತ್ತದೆ. ಕೂತಿದ್ದು, ಕೂತಿದ್ದು, ನಮ್ಮ ಕಣ್ಣೆದುರೇ ಅದರ ಅಂಚು ಒಂದು ಕಡೆ ನಿದ್ದೆ ಬಂದವರ ತಲೆ ವಾಲಿದ ಹಾಗೆ ಮೆಲ್ಲಗೆ ಕೆಳಗಿಳಿಯಿತು. ಸದ್ದೇ ಇಲ್ಲ. ಚಾಚಾ ಇಕ್ಕಳದಿಂದ ಎತ್ತಿ ಪಕ್ಕಕ್ಕಿಟ್ಟ. ಎತ್ತಿದವನು ಕೈಯಲ್ಲಿ ಇಕ್ಕಳ ಹಿಡಿದುಕೊಂಡೇ ನಿಂತ.

“ನಾನೇ ಕರದೆ,” ಎಂದಳು ಅವ್ವ. “ನನ್ನ ಮಗಾ ತಿನ್ನೂದು. ಕಲಾಯಿ ಇಲ್ಲದ ಭಾಂಡೆದಾಗ ಹ್ಯಾಂಗ ಕುದಸ್ಲಿ ಅಂತ ನಾನೇ ಕರದೆ.”

ಬೇರೆ ದಿನವಾಗಿದ್ದರೆ ಅಪ್ಪನ ಬಾಯಿಗೆ ಓಣಿಯೆಲ್ಲ ಕೂಡುತ್ತಿತ್ತು. ಅಕ್ಕ ಆಗಲೇ ಬಾಗಿಲ ಹಿಂದೆ ಸರಿದಿದ್ದಳು. ಅಪ್ಪ ಬೈಯಲಿಲ್ಲ. “ಇರಲಿ,” ಎಂದ. “ತಣ್ಣಗಾಗಲಿ ತಡಿ. ಬಡದು ಸರಿ ಮಾಡಮು.”

ತಣ್ಣಗಾದ ಮೇಲೆ ಕಟ್ಟಿಗೆಯ ಕೊಡತಿಯಿಂದ ಅಂಚನ್ನು ಬಡಿದ. ಅರ ಹಾಕಿ ತಿಕ್ಕಿದ. ಇಳಿದ ಜಾಗಕ್ಕೆ ಟ್ಯೂಬಿನ ಇನ್ನೊಂದು ತುಂಡು ಮಡಚಿ ಇಟ್ಟ. ಚಾಚಾ ಮನೆಗೆ ಹೋಗದೆ ಪಾತ್ರೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತ. ಸುದ್ದಿ ತಿಳಿದು ಖಾಲಾ ಬಂದಳು. ಅವ್ವ, ಅಕ್ಕ, ನಾನು ಕಾಯಿ ಸುಲಿದೆವು. ಮುತ್ತಿನಂಥ ಎಳೆಯ ಕಾಳು, ಉಗುರಿನ ಸಂದಿಯೆಲ್ಲ ಹಸಿರು. ಎರಡೂ ಸೀಸೆ ತುಂಬಿ, ಉಪ್ಪು ನೀರು ಹಾಕಿ, ಕೊಂಡಿ ಬಿಗಿದು ಒಳಗಿಟ್ಟೆವು. ಅಪ್ಪ ಮುಚ್ಚಳ ಹಾಕಿ ತಿರುಪುಗಳನ್ನು ಬಿಗಿದ. ಒಲೆ ಹೊತ್ತಿತು.

ಇಳಿದ ಅಂಚಿನಿಂದ ಉಗಿ ಹಾವಿನ ಹಾಗೆ ಬುಸುಗುಟ್ಟುತ್ತಾ ಹೊರಬಂತು. ಮುಳ್ಳು ಅಲುಗಾಡಲೇ ಇಲ್ಲ.

“ದಮ್ ಕಟ್ಟೋಣು,” ಎಂದಳು ಖಾಲಾ. ಬಿರಿಯಾನಿಯ ಹಂಡೆಯ ಮುಚ್ಚಳಕ್ಕೆ ಸುತ್ತಲೂ ಹಿಟ್ಟಿನ ಕಣಕ ಮೆತ್ತಿ ಉಗಿಯನ್ನು ಒಳಗೇ ಕಟ್ಟಿಹಾಕುವುದು ಅವಳ ಕೈಯ ವಿದ್ಯೆ. ನಮ್ಮ ಮನೆಯಲ್ಲಿದ್ದದ್ದು ಜೋಳದ ಹಿಟ್ಟು. ಅದು ಕಾವಿಗೆ ಒಣಗಿ ಬೇಸಿಗೆಯ ಎರೆ ಹೊಲದ ಹಾಗೆ ಬಿರುಕು ಬಿಟ್ಟಿತು. ಖಾಲಾ ತನ್ನ ಮನೆಗೆ ಹೋಗಿ, ಹಬ್ಬಕ್ಕೆಂದು ಇಟ್ಟಿದ್ದ ಗೋಧಿ ಹಿಟ್ಟು ತಂದು ನಾದಿದಳು. ಆ ಕಣಕ ನಿಂತಿತು. ಮುಳ್ಳು ನಡುಗಿ, ಎದ್ದು, ಅರ್ಧ ದಾರಿ ಏರಿತು. ಎಲ್ಲರೂ ಉಸಿರು ಹಿಡಿದೆವು. ಫಟ್ಟೆಂದು ಕಣಕ ಹಾರಿ ಗೋಡೆಗೆ ಅಂಟಿತು. ಮುಳ್ಳು ಮಲಗಿತು.

ಅಪ್ಪ ಮತ್ತೆ ಮೆತ್ತಿದ. ಮತ್ತೆ ಹಾರಿತು. ಇನ್ನೊಮ್ಮೆ, ದಪ್ಪಗೆ, ಮೇಲೆ ಅರಿವೆ ಸುತ್ತಿ ಮೆತ್ತಿದ. ಉಗಿ ಬಡಿದು ಅವನ ಮುಂಗೈ ಕೆಂಪಾಗಿತ್ತು. ಅದು ಅವನ ಗಮನದಲ್ಲಿರಲಿಲ್ಲ. “ಹಿಟ್ಟ್ ಕೊಡು,” ಎನ್ನುತ್ತಿದ್ದ. “ಇನ್ನೊಂದೀಟು ಕೊಡು.”

“ಭಾಯಿ, ಬಸ್ ಕರೋ,” ಎಂದಳು ಖಾಲಾ ಮೆಲ್ಲಗೆ. ಅಪ್ಪ ಕೇಳಿಸಿಕೊಳ್ಳಲಿಲ್ಲ.

ಅವ್ವ ಅಷ್ಟು ಹೊತ್ತಿನಿಂದ ಪಾತ್ರೆಯನ್ನು ನೋಡುತ್ತಿದ್ದವಳು ಈಗ ಅಪ್ಪನನ್ನು ನೋಡತೊಡಗಿದಳು. ಅವನ ಕೈಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಸಿಪ್ಪೆಯ ರಾಶಿಯ ಕಡೆ ಮುಖ ತಿರುಗಿಸಿದೆ.

“ಏನ್ರೀ,” ಎಂದಳು. “ನಿನ್ನಿತನಾ ಇದನ್ನ ಹೊರಗ ಒಗಿ ಅಂತಿದ್ರಿ. ಇವತ್ತ್ ಕೈ ಸುಟ್ರೂ ಬಿಡವಲ್ರಿ.”

ಅಪ್ಪ ಕಣಕ ಒತ್ತುತ್ತಲೇ ಇದ್ದ.

“ಕಮಲಾಪುರದಾಗ ಏನ್ ಸುದ್ದಿ ಹೇಳ್ಯಾರ?”

ಅಪ್ಪನ ಕೈ ನಿಂತಿತು. ತಲೆ ಎತ್ತಲಿಲ್ಲ. ಬೆರಳ ಸಂದಿಯಿಂದ ಹಿಟ್ಟು ಮಾತ್ರ ಕೆಳಗೆ ಜಾರಿತು. ಖಾಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವ್ವ ಬಗ್ಗಿ ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು.

“ಸಾಕ್ ಬಿಡ್ರಿ,” ಎಂದಳು. “ಯಾರಿಗಂತ ತುಂಬಿ ಇಡಾಕತ್ತೀರಿ?”

ಅವಳು ಅಳಲಿಲ್ಲ. ಅತ್ತಿದ್ದರೆ ನಾವೂ ಅತ್ತು ಹಗುರಾಗುತ್ತಿದ್ದೆವೇನೋ. ತಾನೇ ತಿರುಪುಗಳನ್ನು ಬಿಚ್ಚಿ, ಸೀಸೆಗಳನ್ನು ತೆಗೆದು, ಇನ್ನೂ ಬಿಸಿಯಿದ್ದ ಕಾಳನ್ನು ಬುಟ್ಟಿಗೆ ಸುರಿದಳು. ಕಡಾಯಿ ಇಟ್ಟು, ಹಸಿ ಮೆಣಸಿನಕಾಯಿ, ಬಳ್ಳೊಳ್ಳಿ ಜಜ್ಜಿ ಹಾಕಿ ಪಲ್ಯ ಮಾಡಿದಳು. ರೊಟ್ಟಿ ಬಡಿದಳು. ಬಡಿಯುವ ಸದ್ದು ದಿನದ ಹಾಗೇ ಇತ್ತು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಅಂಗಳದ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದ ಚಾಚಾನಿಗೂ, ಖಾಲಾಗೂ ತಟ್ಟೆ ಕೊಟ್ಟಳು. “ಉಣ್ರಿ. ಇವತ್ತಿನದು ಇವತ್ತೇ ಮುಗೀಲಿ,” ಎಂದಳು.

ಎಲ್ಲರ ತಟ್ಟೆಗೆ ಹಾಕಿದ ಮೇಲೆ ಬುಟ್ಟಿಯಲ್ಲಿ ಒಂದು ರೊಟ್ಟಿ ಉಳಿಯಿತು. ಅವ್ವ ಬಿಳಿ ಅರಿವೆಯನ್ನು ಕೈಗೆ ತೆಗೆದುಕೊಂಡಳು. ಗೂಡಿನ ಕಡೆ ಒಂದು ಹೆಜ್ಜೆಯನ್ನೂ ಇಟ್ಟಳು. ಅಲ್ಲೇ ನಿಂತಳು. ಆಮೇಲೆ ಅರಿವೆಯನ್ನು ಮಡಚಿ ಪಕ್ಕಕ್ಕಿಟ್ಟು, ರೊಟ್ಟಿಯನ್ನು ಎರಡು ಮಾಡಿ, ಒಂದು ಚೂರು ಅಕ್ಕನ ತಟ್ಟೆಗೆ, ಒಂದು ಚೂರು ನನ್ನ ತಟ್ಟೆಗೆ ಹಾಕಿದಳು. ಬಿಸಿ ರೊಟ್ಟಿ. ಅಣ್ಣನ ಪಾಲನ್ನು ಬಿಸಿಯಿರುವಾಗ ನಾವು ತಿಂದದ್ದು ಅದೇ ಮೊದಲು. ಅಕ್ಕ ತುತ್ತನ್ನು ಬಾಯಲ್ಲಿಟ್ಟುಕೊಂಡು ಅಗಿಯಲಾರದೆ ನನ್ನ ಮುಖ ನೋಡಿದಳು. ಆ ಸಂಜೆ ಅವಳು ಏನೂ ತಮಾಷೆ ಮಾಡಲಿಲ್ಲ.

ಮರುದಿನ ನಸುಕಿನಲ್ಲಿ ಬೀಸುವ ಕಲ್ಲಿನ ಸದ್ದಿಗೆ ನನಗೆ ಎಚ್ಚರವಾಯಿತು. ದಿನಾಲೂ ಕಲ್ಲಿನ ಜೊತೆ ಅವ್ವನ ಹಾಡೂ ಕೇಳುತ್ತಿತ್ತು. ಅಂದು ಬರೀ ಕಲ್ಲು ತಿರುಗುತ್ತಿತ್ತು. ಮುಂದೆಯೂ ಅಷ್ಟೇ.

ಅಪ್ಪ ಸೋಲಾಪುರದ ಹಾದಿಯ ಊರೂರಿಗೆ ಹೋಗಿ ಕೇಳಿ ಬಂದ. ಯಾರೂ ಏನೂ ಕಂಡಿರಲಿಲ್ಲ. ಕಂಡವರಿದ್ದರೂ ಹೇಳಲಿಲ್ಲ. ಅಣ್ಣ ಬರಲಿಲ್ಲ. ಎಳ್ಳಮಾವಾಸ್ಯೆಗೆ ಭಜ್ಜಿ ಪಲ್ಯ ಆಗುತ್ತಿತ್ತು, ಅವ್ವ ನಮಗೆಲ್ಲ ಬಡಿಸುತ್ತಿದ್ದಳು, ತನ್ನ ತಟ್ಟೆಯಲ್ಲಿ ತೊಗರಿ ಕಾಳು ಬಂದರೆ ಸುಮ್ಮನೆ ಅಂಚಿಗೆ ಸರಿಸುತ್ತಿದ್ದಳು. ಆ ಪಾತ್ರೆಯನ್ನು ಮಾತ್ರ ಅವಳು ಎಸೆಯಲಿಲ್ಲ, ಗುಜರಿ ಕೊಳ್ಳುವ ಮೋಡ್ಕಾದವನಿಗೂ ಕೊಡಲಿಲ್ಲ. ಕೇಳಿದರೆ, ಇರಲಿ, ತಿನ್ನೂದು ಕೇಳತದೇನು ಎನ್ನುತ್ತಿದ್ದಳು. ಮನೆ ಬದಲಾದಾಗಲೆಲ್ಲ ಅದೂ ನಮ್ಮ ಜೊತೆ ಬಂತು. ಅದರಲ್ಲಿ ಮೊದಲು ಪುದೀನ ಹಚ್ಚಿದವಳು ಅವಳೇ.

ಈಗ ನಿಮ್ಮ ಅಮ್ಮ ಥಂಡಿಯ ದಿನಗಳಲ್ಲಿ ಹಸಿ ತೊಗರಿ ಸುಲಿದು, ಚೀಲದಲ್ಲಿ ಕಟ್ಟಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಡುತ್ತಾಳೆ. ಬೇಸಿಗೆಯಲ್ಲಿ ತೆಗೆದರೆ ಹಸಿರು ಹಸಿರು, ಈಗತಾನೆ ಕಿತ್ತ ಹಾಗೆ. ಕುಕ್ಕರಿನ ಸೀಟಿ ಕೂಗಿದರೆ ನೀವು ಟಿವಿಯಿಂದ ತಲೆ ಕೂಡ ಎತ್ತುವುದಿಲ್ಲ. ಮುಳ್ಳು ಏರಿತೋ ಇಲ್ಲವೋ ಎಂದು ಯಾರೂ ಉಸಿರು ಹಿಡಿಯಬೇಕಾಗಿಲ್ಲ. ತಿನ್ನುವುದನ್ನು ಕೆಡದ ಹಾಗೆ ಇಡುವುದು ಈಗ ಯಾರಿಗೂ ದೊಡ್ಡ ಮಾತಲ್ಲ.

ಸಂಜೆ ಟ್ಯೂಶನ್ನಿನಿಂದ ಬರುವುದು ನಿಮಗೆ ಒಂದಿಷ್ಟು ತಡವಾದರೆ ಅಮ್ಮ ಫೋನು ಹಚ್ಚುತ್ತಾಳೆ. “ಹಾದ್ಯಾಗ ಅದೀನಿ, ಬರಾಕತ್ತೀನಿ,” ಎಂದು ನೀವು ಸಿಡುಕಿ ಫೋನು ಇಡುತ್ತೀರಿ. ನಮ್ಮಣ್ಣನೂ ಹಾದಿಯಲ್ಲೇ ಇದ್ದ, ಮನೆಗೇ ಬರುತ್ತಿದ್ದ, ಅವ್ವನ ಮುಖ ನೋಡಲೆಂದೇ ಬರುತ್ತಿದ್ದ. ಅವ್ವನಿಗೆ ಆಗ ಅದು ಗೊತ್ತಾಗಲಿಲ್ಲ. ಈ ಮುತ್ಯಾ ತುತ್ತು ಯಾಕೆ ಎತ್ತುವುದಿಲ್ಲ, ತಣ್ಣಗಾಗುವ ತನಕ ತಟ್ಟೆಯ ಮುಂದೆ ಯಾಕೆ ಕೂತಿರುತ್ತಾನೆ ಎಂದು ನೀವು ನನ್ನನ್ನು ನೋಡಿ ನಗುತ್ತೀರಲ್ಲ, ಆ ಫೋನಿನ ಮಾತು ನನ್ನ ಕಿವಿಗೂ ಬೀಳಲಿ ಎಂದು ಕೂತಿರುತ್ತೇನೆ. ಅದು ಕೇಳಿದ ಮೇಲೆಯೇ ನಾನು ರೊಟ್ಟಿ ಮುರಿಯುವುದು.